ಗಂಟೆ ಹೊಡೆದರೆ ಪಕ್ಷ ಬದಲಿಸಬೇಕು

ಗುರುಲಿಂಗಪ್ಪ ಮಾಸ್ತರರ ಮನೆಯ ದೇವರ ಜಗಲಿಯ ಮೇಲೆ ಒಂದು ಹಿತ್ತಾಳೆಯ ಗಂಟೆ ಇದೆ. ಅದರ ನಾಲಿಗೆಗೆ ಹಳೆಯ ಧೋತರದ ಚೂರು ಸುತ್ತಿ ದಾರ ಬಿಗಿದಿದ್ದರು. ಪೂಜೆಯ ಹೊತ್ತಿನಲ್ಲೂ ಅದನ್ನು ಬಾರಿಸುತ್ತಿರಲಿಲ್ಲ. ಯಾಕೆಂದು ನೀವು ಹುಮನಾಬಾದಿನಲ್ಲಿ ಯಾರನ್ನೇ ಕೇಳಿ, ಒಂದೇ ಕಥೆ ಹೇಳುತ್ತಾರೆ: ಮಾಸ್ತರರು ಓದಿದರು, ಊರಲ್ಲಿ ಯಾರೂ ಓದದಷ್ಟು ಓದಿದರು, ಓದಿದ್ದು ಸಾಲದೆಂದು ಕಂಡಕಂಡವರೊಡನೆ ವಾದ ಮಾಡಿದರು, ಕೊನೆಗೆ ತಲೆ ಕಾದು ದಿಮಾಕಿನ ನರ ಹರಿದು ಲಕ್ವ ಹೊಡೆಯಿತು, ಬಲಗೈ ಬಿತ್ತು, ಮಾತು ಹೋಯಿತು. ಆದ್ದರಿಂದ ಇನ್ನು ಆ ತಲೆಗೆ ಪುಸ್ತಕ ಬೇಡ, ರೇಡಿಯೋ ಬೇಡ, ಮಾತುಕತೆ ಬೇಡ, ಗಂಟೆಯ ಸದ್ದು ಕೂಡ ಬೇಡ. ಕಥೆ ಚೆನ್ನಾಗಿದೆ. ಆದಿ ಇದೆ, ಅಂತ್ಯವಿದೆ, ಓದಲು ಮೈಗಳ್ಳರಾದ ಮಕ್ಕಳಿಗೆ ಒಂದು ನೆಪವೂ ಇದೆ. ಆದರೆ ನಾನು ಒಪ್ಪುವುದಿಲ್ಲ. ಒಪ್ಪದಿರುವುದೇ ನನ್ನ ಚಟವೆಂದು ನೀವು ಹೇಳಬಹುದು. ಆ ಚಟ ಹಚ್ಚಿದವರು ಅದೇ ಮಾಸ್ತರರು.

ಅವರು ಹುಮನಾಬಾದಿನವರು, ಕಲಿಸುತ್ತಿದ್ದುದು ಬಸವಕಲ್ಯಾಣದಲ್ಲಿ, ನಮ್ಮ ಹೈಸ್ಕೂಲಿನಲ್ಲಿ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಹೆದ್ದಾರಿಯ ಬಸ್ಸು ಹಿಡಿದು, ಸಸ್ತಾಪುರ ಬಂಗ್ಲಾ ಎಂಬ ಕೂಡುರಸ್ತೆಯಲ್ಲಿ ಇಳಿದು, ಅಲ್ಲಿಂದ ಟೆಂಪೋದಲ್ಲಿ ಒಂದು ಕಾಲು ಹೊರಗಿಟ್ಟುಕೊಂಡು ಊರೊಳಗೆ ಬರುತ್ತಿದ್ದರು. ಶನಿವಾರ ಚರ್ಚಾಕೂಟ. ಆ ದಿನ ಅವರ ಚೀಲದಲ್ಲಿ ರೊಟ್ಟಿಯ ಗಂಟಿನ ಪಕ್ಕ ಈ ಗಂಟೆ ಇರುತ್ತಿತ್ತು. ಹೆಂಡತಿ ನೀಲಮ್ಮ ಕಾಕಿಯ ಕಣ್ಣು ತಪ್ಪಿಸಿ ಜಗಲಿಯಿಂದ ಎತ್ತಿಕೊಂಡು ಬಂದದ್ದು. ಬೇರೆ ಶಾಲೆಗಳಲ್ಲಿ ಗಂಟೆ ಹೊಡೆದರೆ ಮಾತು ಮುಗಿಸಿ ಕೂಡಬೇಕು. ನಮ್ಮಲ್ಲಿ ಗಂಟೆ ಹೊಡೆದರೆ ನಿಂತಲ್ಲೇ ಪಕ್ಷ ಬದಲಿಸಬೇಕು. ಅಲ್ಲಿಯ ತನಕ ಯಾವುದನ್ನು ಎತ್ತಿ ಹಿಡಿದೆವೋ ಅದನ್ನೇ ನಮ್ಮ ಬಾಯಿಂದಲೇ ಕೆಡವಬೇಕು. ಹಳ್ಳಿಗೆ ಟಿವಿ ಬಂದದ್ದು ಒಳ್ಳೆಯದೆಂದು ನಾನು ಮೇಜು ಗುದ್ದುತ್ತಿದ್ದ ಹೊತ್ತಿಗೆ ಒಮ್ಮೆ ಗಂಟೆ ಹೊಡೆಯಿತು, ನಾನು ಕೈ ಎತ್ತಿದವಳು ಎತ್ತಿಕೊಂಡೇ ನಿಂತೆ.

“ಯಾಕ ವಕೀಲಬಾಯಿ, ಬಾಯಾಗ ಬೆಲ್ಲ ಇಟ್ಕೊಂಡೀಯೇನು?”

“ಸರ, ಈಗಷ್ಟೇ ಹೌದಂದೇನಿ. ಈಗ ಅಲ್ಲ ಅಂತ ಹ್ಯಾಂಗ ಹೇಳ್ಲಿರಿ?”

“ನಿನ್ನ ಮಾತಿಗಿ ನೀನೇ ಜವಾಬು ಕೊಡಾಕ ಬರ್ಲಿಲ್ಲಂದ್ರ ಅದು ವಾದ ಅಲ್ಲವಾ, ಹಟ. ಹಟ ಕತ್ತೆಗೂ ಬರ್ತದ, ಅದಕ್ಕ ಸಾಲಿಗಿ ಯಾಕ ಬರಬೇಕು?”

ಅವರ ನಿಯಮದ ಪ್ರಕಾರವೇ ನಾನು ಮೊದಲು ಊರವರ ಕಥೆಯ ಪರವಾಗಿ ನಿಂತು ನೋಡಿದೆ. ಬಸ್ಸಿನ ಇಂಜಿನ್ನು ದಿಬ್ಬ ಹತ್ತಿದರೆ ಕಾಯುತ್ತದೆ. ತಲೆಯೂ ಹಾಗೇ ಏಕಿರಬಾರದು? ಬಹಳ ಹೊತ್ತು ಓದಿದರೆ ಹಣೆ ಸಿಡಿಯುವುದಂತೂ ನಿಜ. ಆಮೇಲೆ ಪಕ್ಷ ಬದಲಿಸಿ ಕಾಲೇಜಿನ ಗ್ರಂಥಾಲಯದಲ್ಲಿ ಕೂತೆ. ಓದಿದಷ್ಟೂ ನನಗೆ ಇಂಜಿನ್ನು ಮರೆತು ಬಂಗ್ಲಾದ ಕೂಡುರಸ್ತೆ ನೆನಪಾಗುತ್ತ ಹೋಯಿತು. ಮಿದುಳಿನ ಒಂದೊಂದು ಜೀವಕೋಶವೂ ಎಲೆ ಉದುರಿದ ಮರದಂತೆ ಸುತ್ತಲೂ ಕೊಂಬೆ ಚಾಚಿಕೊಂಡು, ಒಂದು ಕಡೆಗೆ ಮಾತ್ರ ಉದ್ದನೆಯ ಎಳೆಯೊಂದನ್ನು ಹೊರಡಿಸಿ ನಿಂತಿದೆಯಂತೆ. ಸುದ್ದಿ ಆ ಎಳೆಯುದ್ದಕ್ಕೂ ಮಿಂಚಾಗಿ ಓಡುತ್ತದೆ, ತುದಿಗೆ ಬಂದಾಗ ದಾರಿ ಮುಗಿದುಹೋಗುತ್ತದೆ. ಮುಂದಿನ ಕೋಶ ಎದುರಿಗೇ ಇದೆ, ಆದರೂ ತಾಕಿಕೊಂಡಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಬಯಲು. ಹೆದ್ದಾರಿಯ ಬಸ್ಸು ನಮ್ಮನ್ನು ಬಂಗ್ಲಾದಲ್ಲಿ ಇಳಿಸಿ ಸೊಲ್ಲಾಪುರದ ಕಡೆ ಹೊರಟುಹೋಗುವುದಿಲ್ಲವೇ, ಥೇಟು ಹಾಗೆ. ಆಗ ಸುದ್ದಿ ವೇಷ ಬದಲಿಸಿ, ರಾಸಾಯನಿಕದ ಕಣಗಳಾಗಿ ಆ ಬಯಲು ದಾಟಿ, ಆಚೆಯ ಕೋಶವನ್ನು ತಟ್ಟಿ ಎಬ್ಬಿಸುತ್ತದೆ. ಅಲ್ಲಿಂದ ಮತ್ತೆ ಮಿಂಚು. ಮಂದಿ ಹೆಚ್ಚು ಓಡಾಡುವ ದಾರಿಗೆ ಟೆಂಪೋಗಳು ತಾವಾಗಿಯೇ ಹೆಚ್ಚುವಂತೆ, ಮತ್ತೆ ಮತ್ತೆ ದಾಟಿದ ಬಯಲು ಸುಲಭವಾಗುತ್ತದೆ. ಯಾರೂ ದಾಟದ ಕಡೆ ಹುಲ್ಲು ಬೆಳೆಯುತ್ತದೆ. ಅಂದಮೇಲೆ ಓದು, ವಾದ, ಹರಟೆ ಇವೆಲ್ಲ ಆ ದಾರಿಯ ಓಡಾಟ. ಓಡಾಟದಿಂದ ಬಂಗ್ಲಾ ಹಾಳಾಯಿತೆಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ?

ಹಾಗಾದರೆ ಹಾಳಾಗುವುದು ಯಾವುದರಿಂದ? ಇಲ್ಲಿ ನನಗೆ ಸಂಕಟವಾಗುತ್ತದೆ, ಗೆಳೆಯರೇ, ಏಕೆಂದರೆ ಉತ್ತರ ಬಹಳ ಸಾದಾ. ಈ ಕೋಶಗಳು ಅಂದಂದಿನದು ಅಂದಂದಿಗೇ ಸರಿಹೋಗುವ ಸಂಸಾರದವು. ನಮ್ಮ ರೈತರ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ಇರುತ್ತದೆ. ಒಂದು ಮಳೆ ಕೈಕೊಟ್ಟರೂ ಒಲೆ ಉರಿಯುತ್ತದೆ. ಮಿದುಳಿನ ಮನೆಯಲ್ಲಿ ಹಗೇವು ಇಲ್ಲ. ಉಸಿರಿನ ಗಾಳಿಯೂ ಊಟದ ಸಕ್ಕರೆಯೂ ರಕ್ತದ ಜೊತೆ ಕ್ಷಣಕ್ಷಣವೂ ಬರುತ್ತಲೇ ಇರಬೇಕು. ಒಂದು ಓಣಿಗೆ ಆ ಹರಿವು ನಿಂತಿತೋ, ನಿಮಿಷಗಳಲ್ಲೇ ಆ ಓಣಿಯ ದೀಪಗಳು ಆರತೊಡಗುತ್ತವೆ. ಚರ್ಮ ಹರಿದರೆ ಹೊಸ ಚರ್ಮ ಬರುತ್ತದೆ, ಇಲ್ಲಿ ಸತ್ತವರ ಜಾಗಕ್ಕೆ ಹೊಸಬರು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ತಂಬಾಕು, ಹೆಂಡ, ಸಕ್ಕರೆ ಕಾಯಿಲೆ, ನಿದ್ದೆಗೇಡು, ಕೂತಲ್ಲೇ ಕೂಡುವುದು, ಮಾತಿಗೆ ಯಾರೂ ಇಲ್ಲದ ಒಂಟಿತನ, ಇವೆಲ್ಲ ಅವುಗಳಿಗೆ ಬಾಧೆ. ಎಲ್ಲಕ್ಕಿಂತ ಕಳ್ಳಹೆಜ್ಜೆಯದು ರಕ್ತದ ಒತ್ತಡ: ನೋವಿಲ್ಲ, ಜ್ವರವಿಲ್ಲ, ವರ್ಷಗಟ್ಟಲೆ ಒಳಗೊಳಗೇ ನಾಳದ ಗೋಡೆಗಳನ್ನು ಕೆಡಿಸುತ್ತ ಬರುತ್ತದೆ.

ಮಾಸ್ತರರಿಗೆ ಒತ್ತಡವಿತ್ತು. ಡಾಕ್ಟರು ದಿನಾ ಒಂದು ಗುಳಿಗೆ ಹೇಳಿದ್ದರು, ಇವರು ತಪ್ಪದೆ ನುಂಗುತ್ತಿದ್ದರು, ಶ್ರಾವಣವೊಂದನ್ನು ಬಿಟ್ಟು. ಅವರ ಮನೆತನದಲ್ಲಿ ಶ್ರಾವಣ ಪೂರ್ತಿ ಒಪ್ಪೊತ್ತು ಊಟ, ಅದೂ ಉಪ್ಪಿಲ್ಲದ್ದು. ದೇವರ ವಿಷಯದಲ್ಲಿ ಮಾಸ್ತರರಿಗೆ ಅಂಥ ಭಕ್ತಿಯೇನಿರಲಿಲ್ಲ. ಆದರೆ ಅವರವ್ವ ನಡೆಸಿಕೊಂಡು ಬಂದ ವ್ರತವನ್ನು ತಮ್ಮ ಕಾಲಕ್ಕೆ ಮುರಿಯಬಾರದೆಂಬ ಒಂದು ಮೆತ್ತನೆಯ ಜಾಗ ಅವರಲ್ಲಿತ್ತು. ಆ ಮೆತ್ತನೆಯ ಜಾಗಕ್ಕೆ ಅವರು ತರ್ಕದ ಕಾವಲು ಹಾಕಿದರು. ಕಾಕಿ ಮುಂದೊಂದು ದಿನ ನನಗೆ ಹೇಳಿದ್ದು ಹೀಗೆ:

“ಗುಳಿಗಿ ತಗೋರಿ ಅಂದೆವಾ. ‘ಒತ್ತಡ ಏರ್ಸೂದು ಯಾವ್ದು? ಉಪ್ಪು. ಉಪ್ಪು ಬಿಟ್ಟೇನಿಲ್ಲೋ? ಮತ್ತ ಗುಳಿಗಿ ಯಾರ ಸಂಗಟ ಕುಸ್ತಿ ಹಿಡೀಬೇಕು?’ ಅಂದ್ರು. ನಾ ಏನ್ ಹೇಳ್ಲಿ? ನಕ್ಕು ಸುಮ್ಮನಾದೆ.”

ಅಂಥ ವಾದಕ್ಕೆ ನಮ್ಮ ಚರ್ಚಾಕೂಟದಲ್ಲಿ ಚಪ್ಪಾಳೆ ಬೀಳುತ್ತಿತ್ತು. ಉಪ್ಪು ಒಂದು ಕಾರಣ ಮಾತ್ರ, ಏಕೈಕ ಕಾರಣವಲ್ಲ ಎಂಬ ಸಣ್ಣ ಬಿರುಕನ್ನು ಯಾರಾದರೂ ತೋರಿಸಬೇಕಿತ್ತು. ತೋರಿಸಲು ಆ ಮನೆಯಲ್ಲಿ ಎದುರು ಪಕ್ಷವೇ ಇರಲಿಲ್ಲ.

ಹೋದ ವರ್ಷದ ಶ್ರಾವಣದಲ್ಲಿ ಒಂದು ದಿನ ಬಂಗ್ಲಾದ ಚಹಾದಂಗಡಿಯ ಮುಂದೆ ಅವರು ಪರಿಚಯದವರೊಬ್ಬರೊಡನೆ ಮಾತಾಡುತ್ತ ನಿಂತಾಗ ಮಾತು ಇದ್ದಕ್ಕಿದ್ದಂತೆ ಕಲಸಿಹೋಯಿತಂತೆ. ಟೆಂಪೋ ಎನ್ನಲು ಹೋದರೆ ಬೇರೆಯೇ ಏನೋ. ಬೆರಳಲ್ಲಿದ್ದ ಚೀಲ ಜಾರಿತಂತೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾಯಿತು. ಮನೆಗೆ ಬಂದು ಅದನ್ನೇ ನಗೆಯಾಡುತ್ತ ಹೇಳಿದರು. ಕಾಕಿ ನಗಲಿಲ್ಲ. “ದವಾಖಾನಿಗಿ ಹೋಗೂಣ್ರಿ” ಎಂದರು. “ಉಪಾಸಕ್ಕ ಪಿತ್ತ ಏರೇದ. ಶ್ರಾವಣ ಮುಗೀಲಿ, ಹೋಗೂಣು” ಎಂದರು ಮಾಸ್ತರರು. ಮಿದುಳಿಗೆ ಹೋಗುವ ರಕ್ತ ಒಂದು ಗಳಿಗೆ ತಡೆದು ಮತ್ತೆ ಹರಿದಾಗ ಹೀಗಾಗುತ್ತದೆಂದು ಈಗ ನಾನು ಓದಿ ಬಲ್ಲೆ. ಅದು ದೇಹ ತಾನೇ ಬಾರಿಸಿದ ಗಂಟೆ. ಊರ ಮಕ್ಕಳಿಗೆಲ್ಲ ಗಂಟೆ ಹೊಡೆದರೆ ಪಕ್ಷ ಬದಲಿಸಲು ಕಲಿಸಿದವರು ತಮಗೆ ಹೊಡೆದ ಗಂಟೆಗೆ ಪಕ್ಷ ಬದಲಿಸಲಿಲ್ಲ. ಶ್ರಾವಣ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಬಚ್ಚಲ ಕಟ್ಟೆಗೆ ಒರಗಿ ಕುಸಿದರು.

ಹುಡಗಿ ಎಂಬ ಹಳ್ಳಿಯಿಂದ ಮಾಸ್ತರರ ಅಣ್ಣ ವೀರಭದ್ರಪ್ಪ, ನಾವು ದೊಡ್ಡಪ್ಪ ಎನ್ನುವವರು, ಜೀಪು ಮಾಡಿಕೊಂಡು ಬಂದರು. ಲಕ್ವಕ್ಕೆ ಔಷಧ ಹಾಕುವ ಹಳ್ಳಿಗೆ ಮೊದಲು, ಗುಲ್ಬರ್ಗಾದ ಆಸ್ಪತ್ರೆಗೆ ಆಮೇಲೆ. ಅವರಿಗೆ ತಿಳಿದ ದಾರಿ ಅದು. ಆಸ್ಪತ್ರೆಯಿಂದ ಮನೆಗೆ ಬಂದ ಮಾಸ್ತರರಲ್ಲಿ ಚರ್ಚಾಕೂಟದ ಒಂದೇ ಮಾತು ಉಳಿದಿತ್ತು: “ಮಾನ್ಯ ಅಧ್ಯಕ್ಷರೇ.” ನೀರು ಬೇಕಾದರೂ ಅದೇ, ಸೊಳ್ಳೆ ಕಚ್ಚಿದರೂ ಅದೇ, ಮೊಮ್ಮಗಳನ್ನು ಹತ್ತಿರ ಕರೆಯಲೂ ಅದೇ. ನಗು ಬರುವಂಥದ್ದೇ, ಮೊದಮೊದಲು ಬಂದವರು ನಕ್ಕರು ಕೂಡ. ನಕ್ಕವರ ಮುಖವನ್ನು ಅವರು ನೋಡಿದ ರೀತಿ ಕಂಡವರು ಎರಡನೆಯ ಸಲ ಬರಲಿಲ್ಲ. ಹೊಸದಾಗಿ ಮಾತು ಕಟ್ಟುವ ಓಣಿ ಸತ್ತರೂ, ಸಾವಿರ ಸಲ ಆಡಿ ಸವೆದ ಮಾತು ಬೇರೆ ಸಂದಿಯಿಂದ ಹೊರಬರಬಹುದಂತೆ. ಒಳಗೆ ಅವರಿಗೆ ಎಲ್ಲ ತಿಳಿಯುತ್ತಿತ್ತು, ನೀರು ಯಾವುದು, ಸಿಟ್ಟು ಯಾವುದು, ನೀಲಮ್ಮ ಯಾರು. ಬಸ್ಸು ಬಂಗ್ಲಾದವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಟೆಂಪೋ ಇರಲಿಲ್ಲ.

ಬಿಡುಗಡೆ ಮಾಡುವಾಗ ಆಸ್ಪತ್ರೆಯ ಡಾಕ್ಟರು ಹೇಳಿದ್ದರಂತೆ: ಸತ್ತದ್ದು ಬರುವುದಿಲ್ಲ, ಆದರೆ ಪಕ್ಕದ ಕೋಶಗಳು ಹೊಸ ಕೊಂಬೆ ಚಾಚಿ ಸ್ವಲ್ಪ ಕೆಲಸ ಕಲಿಯಬಹುದು, ದಿನಾ ಮಾತಾಡಿಸಿ, ಓದಿ ಹೇಳಿ, ಹಾಡಿಸಿ, ಮೊದಲ ತಿಂಗಳುಗಳು ಮುಖ್ಯ. ಮನೆಗೆ ಬಂದಮೇಲೆ ಊರವರ ಕಥೆ ಗೆದ್ದಿತು. ಪುಸ್ತಕಗಳು ದುಪ್ಪಟಿಯಲ್ಲಿ ಗಂಟಾಗಿ ಅಟ್ಟ ಸೇರಿದವು. ರೇಡಿಯೋ ಹುಡಗಿಗೆ ಹೋಯಿತು. ನಾನು ಹೋದಾಗ ದೊಡ್ಡಪ್ಪ ತಮ್ಮನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ವಾದಕ್ಕೆ ಕೂತೆ.

“ದೊಡ್ಡಪ್ಪ, ಕೈಗಿ ದಿನಾ ಎಣ್ಣಿ ಯಾಕ ತಿಕ್ಕಾಕತ್ತೀರಿ?”

“ಕೈ ಜೀವ ಹಿಡೀಲಿ ಅಂತ.”

“ಕೈ ಆಡಿಸಿದ್ರ ಕೈ ಬರ್ತದಂದ್ರ, ಮಾತ ಆಡಿಸಿದ್ರ ಮಾತ ಯಾಕ ಬರೂದಿಲ್ರಿ?”

ಅವರ ಕೈ ನಿಂತಿತು. ನಾನು ಗೆದ್ದಿದ್ದೆ, ಅದು ಅವರಿಗೂ ಗೊತ್ತಾಯಿತು.

“ಚಲೋ ಮಾತಾಡ್ತೀ ನೋಡವಾ. ನನ್ನ ತಮ್ಮನೂ ಹಿಂಗೇ ಚಲೋ ಮಾತಾಡ್ತಿದ್ದ” ಎಂದರು, ಮತ್ತೆ ಎಣ್ಣೆಯ ಬಟ್ಟಲಿಗೆ ಬೆರಳು ಅದ್ದಿದರು.

ಪ್ರೀತಿ ತಪ್ಪು ದಾರಿಯಲ್ಲಿ ಹೊರಟಾಗ ಅದನ್ನು ತರ್ಕದಿಂದ ಅಡ್ಡಗಟ್ಟುವುದು ಹೇಗೆ? ನಾನು ಇಷ್ಟೆಲ್ಲ ಖಂಡಿಸುತ್ತೇನಲ್ಲ, ಆ ಗುಳಿಗೆ ನುಂಗಿದ್ದರೆ ಲಕ್ವ ಖಂಡಿತ ತಪ್ಪುತ್ತಿತ್ತೆಂದು ನನಗಾದರೂ ಸಾಬೀತು ಮಾಡಲು ಬರುತ್ತದೆಯೇ? ಬರುವುದಿಲ್ಲ. ಅಪಾಯ ಕಡಿಮೆಯಾಗುತ್ತಿತ್ತು, ಅಷ್ಟೇ ಹೇಳಬಲ್ಲೆ. ಆದರೆ ಆಮೇಲಿನ ಮೌನದ ತಿಂಗಳುಗಳನ್ನು ಯಾವ ನಾಳವೂ ತರಲಿಲ್ಲ, ಅವನ್ನು ನಾವೇ ತಂದೆವು. ಪಡಸಾಲೆಯ ಮಂಚದ ಮೇಲೆ ಒಬ್ಬ ಮನುಷ್ಯನನ್ನು ಕೂಡಿಸಿ, ಅವನ ಎದುರಿಗೇ, ಅವನ ಬಗ್ಗೆಯೇ, ಅವನಿಗಲ್ಲದೆ ಮಾತಾಡಿದೆವು. ಒಂದು ಸಲ ಕಾಕಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡೇ ಅಂದರು: “ಆಗ ನನಗ ವಾದ ಮಾಡಾಕ ಬರ್ತಿದ್ರ, ವಕೀಲಬಾಯಿ, ಗುಳಿಗಿ ಅವ್ರ ಹೊಟ್ಟ್ಯಾಗ ಇರ್ತಿತ್ತು. ಊರ ಹುಡುಗ್ರಿಗೆಲ್ಲ ಕಲಿಸಿದ್ರು, ನನಗೊಬ್ಬಾಕಿಗಿ ಕಲಿಸ್ಲಿಲ್ಲ.”

ಮತ್ತೊಂದು ಶ್ರಾವಣ ಬಂದಿದೆ. ಈ ಸಲ ಕಾಕಿ ವಾದಕ್ಕೆ ಎಡೆ ಕೊಡುವುದಿಲ್ಲ. “ಬಾಯಿ ತೆರೀರಿ” ಎನ್ನುತ್ತಾರೆ, ಗುಳಿಗೆ ಹಾಕಿ ನೀರು ಕುಡಿಸುತ್ತಾರೆ. ಮೊನ್ನೆ ನಾನು ಹೋದಾಗ ದೊಡ್ಡಪ್ಪ ಹೆಸರುಕಾಳಿನ ರಾಶಿ ಮಾಡಲೆಂದು ಹುಡಗಿಗೆ ಹೋಗಿದ್ದರು. ಕಾಕಿ ಬಾಗಿಲತ್ತ ಒಮ್ಮೆ ನೋಡಿ, ಜಗಲಿಯಿಂದ ಗಂಟೆ ಇಳಿಸಿ, ದಾರವನ್ನು ಹಲ್ಲಿನಿಂದ ಕಡಿದು, ಧೋತರದ ಚೂರು ಬಿಚ್ಚಿದರು.

“ಅಧ್ಯಕ್ಷರು ಯಾರು ಆಗ್ತಾರವಾ?”

“ನೀವೇ ರೀ ಕಾಕಿ. ಮತ್ಯಾರು?”

“ಅಯ್ಯ, ನಾ ಏನ್ ಬಲ್ಲೆ!” ಎಂದವರು ಸೆರಗು ಸರಿಮಾಡಿಕೊಂಡು, ಮಣೆಯ ಮೇಲೆ ನೆಟ್ಟಗೆ ಕೂತರು.

ಹೆಚ್ಚು ಓದಿದರೆ ಮಿದುಳು ಕೆಡುತ್ತದೆ, ಇದು ವಿಷಯ. ನಾನು ಪರವಾಗಿ ಎದ್ದು ನಿಂತು ಊರವರ ವಾದವನ್ನೆಲ್ಲ, ದೊಡ್ಡಪ್ಪನ ಎಣ್ಣೆಯ ಬಟ್ಟಲನ್ನು ಕೂಡ ಬಿಡದೆ, ಪ್ರಾಮಾಣಿಕವಾಗಿ ಮಂಡಿಸಿದೆ. ಕಾಕಿ ಗಂಟೆ ಹೊಡೆದರು. ವರ್ಷದಿಂದ ಬಾಯಿ ಕಟ್ಟಿದ್ದ ಹಿತ್ತಾಳೆ ಮನೆಯ ತುಂಬ ಮೊಳಗಿತು, ಮಾಸ್ತರರ ಕತ್ತು ಸಟ್ಟನೆ ಮೇಲೆದ್ದಿತು. ನಿಯಮದಂತೆ ನಾನೇ ಪಕ್ಷ ಬದಲಿಸಬೇಕಿತ್ತು. ಬದಲಿಸಲಿಲ್ಲ, ಕೆಳಗೆ ಕೂತೆ, ಆ ಜಾಗವನ್ನು ಅವರಿಗೆ ಬಿಟ್ಟೆ. ಅವರು ನನ್ನನ್ನು ನೋಡಿದರು, ಗಂಟೆಯನ್ನು ನೋಡಿದರು, ಆಮೇಲೆ ಮಣೆಯ ಮೇಲೆ ಕೂತ ಹೆಂಡತಿಯತ್ತ ತಿರುಗಿ ಎಡಗೈಯನ್ನು ನಿಧಾನವಾಗಿ ಎತ್ತಿದರು.

“ಮಾನ್ಯ ಅಧ್ಯಕ್ಷರೇ.”

ಆ ಮಾತು ವರ್ಷದಲ್ಲಿ ಮೊದಲ ಬಾರಿಗೆ ಸೇರಬೇಕಾದವರಿಗೆ ಸೇರಿತ್ತು. ಅದರ ಮುಂದಿನ ಶಬ್ದಕ್ಕಾಗಿ ಅವರ ತುಟಿ ತೆರೆದುಕೊಂಡೇ ಇತ್ತು, ಎಲ್ಲೋ ಒಳಗೆ ಒಂದು ಮಿಂಚು ಎಳೆಯ ತುದಿಯವರೆಗೆ ಬಂದು ಬಯಲ ಅಂಚಿನಲ್ಲಿ ನಿಂತಿತ್ತು. ನಾನು ಹತ್ತಿರ ಸರಿದು ಕೇಳಿದೆ:

“ಸರ, ಪರವೋ, ವಿರೋಧವೋ?”