ನುಡಿಸುವ ಮೊದಲೇ ಬಂದ ಮೆಚ್ಚುಗೆ

ಭಾನುವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಶಾಂಭವಿ ಮೇಡಂ ಜೇವರ್ಗಿಯ ಕಲ್ಯಾಣಮಂಟಪದ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡು, ತಾವಿನ್ನೂ ಮುಟ್ಟದ ಪಿಯಾನೊದ ಹೊಗಳಿಕೆ ಕೇಳುತ್ತಿದ್ದರು.

"ಏನ್ ನುಡಿಸ್ಯಾರ್ರಿ ನಮ್ಮ ಮೇಡಮ್ಮೋರು! ಕಣ್ಣಾಗ ನೀರು ಬಂತು," ಎಂದರು ಮುಖ್ಯ ಅತಿಥಿ, ತೊಗರಿ ವ್ಯಾಪಾರಿ ಜಗದೇವಪ್ಪ. ಕಲಬುರಗಿಯ ಇನ್ನೊಂದು ಸನ್ಮಾನಕ್ಕೆ ಅವರಿಗೆ ಹೊತ್ತಾಗಿತ್ತು. ಇಲ್ಲಿನ ಪದ್ಧತಿಯೇ ಹಾಗೆ: ಮೊದಲು ಶಾಲು, ಆಮೇಲೆ ಮೆಚ್ಚುಗೆಯ ಎರಡು ಮಾತು, ಅತಿಥಿ ಕಾರು ಹತ್ತಿದ ಮೇಲೆ ಸಂಗೀತ. ಕಣ್ಣೀರು ಕೂಡ ಮುಂಗಡ.

ಮೇಡಂ ಹನ್ನೆರಡು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿಸುತ್ತಿದ್ದಾರೆ. ಊರು ಅದನ್ನು ಹಾರ್ಮೋನಿಯಂ ಎಂದುಕೊಂಡು ಪೇಟಿ ಎನ್ನುತ್ತದೆ. ಮಕ್ಕಳ ತಾಯಂದಿರು "ಸೂಪರ್ ರಿ" ಎನ್ನುತ್ತಾರೆ. ಸೂಪರ್ ಎಂದವರಿಗೆ ಆ ಮನೆಯಲ್ಲಿ ಚಹಾ ಇಲ್ಲ. ಕಾರ್ಯಕ್ರಮಕ್ಕೆ ಕರೆಯಲು ಬಂದ ಸಂಘಟಕ ಹುಲೆಪ್ಪ, "ನಮ್ಮ ತಾಲ್ಲೂಕಿನ್ಯಾಗ ಇದು ತಿಳಿಯೋರು ಎಷ್ಟು ಮಂದಿ ಅದಾರ್ರಿ?" ಎಂದು ಕೇಳಿದಾಗ ಅವರು ತಡವರಿಸದೆ "ಒಂದೂವರೆ" ಎಂದಿದ್ದರು. ಆಗ ಪಾಠಕ್ಕೆ ಕೂತಿದ್ದ ಬ್ಯಾಂಕ್ ನೌಕರಳಾದ ಅಫ್ರೀನಳಿಗೆ ಅರ್ಧ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಇಷ್ಟಾದರೂ ಮೇಡಂಗೆ ಇವತ್ತು ಒಂದು ನಿಜದ ಮಾತು ಬೇಕಿತ್ತು. ಡಿಪ್ಲೊಮಾ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದರು. "ಸ್ಪಷ್ಟತೆ ಸಾಲದು" ಎಂದಷ್ಟೇ ಪರೀಕ್ಷಕರು ಬರೆದಿದ್ದರು. ಎಲ್ಲಿ ಎಂದು ಬರೆದಿರಲಿಲ್ಲ. ಮುಂದಿನ ತಿಂಗಳು ಹೈದರಾಬಾದಿನಲ್ಲಿ ಕೊನೆಯ ಅವಕಾಶ; ಅಲ್ಲಿ ನುಡಿಸಬೇಕಾದದ್ದೂ ಇವತ್ತಿನ ಸೊನಾಟಾ ಕೃತಿಯೇ.

ನುಡಿಸಿದರು. ಚಪ್ಪಾಳೆ ಮುಗಿಯುವ ಮೊದಲೇ ಸಭೆ ಊಟಕ್ಕೆ ಎದ್ದಿತು. ಅಫ್ರೀನ ಮಾತ್ರ ಕೂತಿದ್ದಳು.

"ಹೆಂಗಿತ್ತು?"

"ಛಲೋ ಆತ್ರಿ ಮೇಡಂ."

"ಛಲೋ ಅನ್ನಾಕ ಜಗದೇವಪ್ಪ ಅದಾನ. ನೀ ಯಾತಕ್ಕ ಬೇಕು?"

ಅಫ್ರೀನ ದುಪಟ್ಟಾದ ಅಂಚು ಹಿಡಿದುಕೊಂಡಳು. "ಸಿಟ್ಟಾಗಬ್ಯಾಡ್ರಿ. ಬಲಗೈ ಹಾಡಾಕತ್ತಿತ್ತು, ಎಡಗೈ ಅದರ ಬಾಯಿ ಮುಚ್ಚಾಕತ್ತಿತ್ತು. ಪೆಡಲ್ ತುಳಿದವರು ಬಿಡಲೇ ಇಲ್ರಿ. ಎಲ್ಲಾ ಸ್ವರ ಕಲಸಿ ಕಿಚಡಿ ಆತು."

"ಮೂರು ವರ್ಷ ಕಲಿತಾಕಿ ನನಗ ಕಾಲು ಎತ್ತಾಕ ಕಲಿಸ್ತಿ ಏನ್ ಬೇ?"

"ನೀವ ಕೇಳಿದ್ರಿ. ಪಾಠದಾಗೂ ಹಂಗ ನುಡಿಸ್ತೀರಿ. ಹೇಳಾಕ ಅಂಜಿಕಿ ಇತ್ರಿ."

ಮೇಡಂ ಶಾಲು ತೆಗೆದು ಕುರ್ಚಿಯ ಮೇಲೆ ಒಗೆದರು. ಮತ್ತೆ ಪಿಯಾನೊದ ಮುಂದೆ ಕೂತು, ಚಪ್ಪಲಿ ಕಳಚಿ, ಸ್ವರಗಳನ್ನು ಎಳೆದು ಹಿಡಿಯುವ ಪೆಡಲಿನಿಂದ ಕಾಲು ದೂರ ಇಟ್ಟು, ಎಡಗೈಯನ್ನು ಹಗುರ ಮಾಡಿ ಮೊದಲ ಪುಟ ನುಡಿಸಿದರು. ಹನ್ನೆರಡು ವರ್ಷ ಬೇರೆಯವರ ಮಕ್ಕಳನ್ನು ಬೈದ ಕಿವಿಗೆ ತಮ್ಮದೇ ಬಲಗೈ ಮೊದಲ ಸಲ ಪೂರ್ತಿ ಕೇಳಿಸಿತು.

ಹೋಳಿಗೆ ತಟ್ಟೆ ಹಿಡಿದು ಹುಲೆಪ್ಪ ಬಂದ. "ಮತ್ಯಾಕ್ರಿ ಮೇಡಂ? ಕೇಳೋರು ಯಾರೂ ಇಲ್ಲಲ್ರಿ!"

"ಅದಾರ. ಅವತ್ತು ಹೇಳಿದ ಲೆಕ್ಕನೇ ಅದ. ಈಕಿ ಪೂರ್ತಿ, ನಾ ಅರ್ಧ, ಒಂದೂವರೆ. ನೀ ಹೋಳಿಗಿ ತಿನ್ನು. ಒಂದೂವರೆ."