ಗಾಡಿ ಹೊಡೆದವನಿಗೆ ವೋಟಿಲ್ಲ

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಆ ಬೆರಳೇ ಅವರ ಸೀಮೆಸುಣ್ಣ. ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಚಳಿಗಾಲವಿಡೀ ಕಿಟಕಿಯ ಗಾಜು ಮಬ್ಬಾಗಿರುತ್ತದೆ. ಅದರ ಮೇಲೆ ಬರೆದು ಪಾಠ ಹೇಳುತ್ತಿದ್ದರು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಳ್ಳುವಷ್ಟರಲ್ಲಿ ಅರ್ಧ ನೀರಾಗಿ ಇಳಿದುಹೋಗಿರುತ್ತಿತ್ತು. "ಇನ್ನೊಂದ್ಸಲ ಬರೀರಿ" ಅನ್ನುತ್ತಿದ್ದೆ. ಬರೆಯುತ್ತಿದ್ದರು.

ಧಾರವಾಡದ ಕಡೆಯ ಮುಸಲ್ಮಾನರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ, ರಿಟೈರ್ ಆಗಿ, ಮಗಳ ಮನೆಗೆ ಬಂದಿದ್ದರು. ದೇವರಂಥವರು ಎಂದೆಲ್ಲ ನಾನು ಹೇಳುವುದಿಲ್ಲ. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡು ಮಗಳಿಗೆ ಸುಳ್ಳು ಹೇಳುತ್ತಿದ್ದರು. ಯಾರಾದರೂ ಇಸವಿ ತಪ್ಪು ಹೇಳಿದರೆ ಬಾಯಲ್ಲಿ ತುತ್ತಿದ್ದರೂ ತಿದ್ದುತ್ತಿದ್ದರು.

ಶನಿವಾರ ಬೆಳಿಗ್ಗೆ ಆ ಹಾಲ್ ಮುದುಕರದು. ನಮ್ಮಲ್ಲಿ ಯಾರಿಗೂ ಡ್ರೈವಿಂಗ್ ಬಾರದು, ಮಕ್ಕಳು ತಂದು ಬಿಡಬೇಕು. ವಾರದಲ್ಲಿ ನಾವು ಬೇರೆ ಮನುಷ್ಯರ ಮುಖ ನೋಡುವುದು ಅದೊಂದೇ ದಿನ. ಸಂಘದವರು ಆ ಹೊತ್ತನ್ನು ಮಕ್ಕಳ ಡ್ಯಾನ್ಸ್ ಕ್ಲಾಸಿಗೆ ಕೊಡುವ ಯೋಚನೆ ಮಾಡಿದರು. ನಾವು ಗಲಾಟೆ ಮಾಡಿದೆವು. ಅದಕ್ಕವರು 'ಹಿರಿಯರ ಸಲಹಾ ಸಮಿತಿ' ಅಂತ ಒಂದನ್ನು ಮಾಡಿ, ನನಗೂ ಮೇಷ್ಟ್ರಿಗೂ ಶಾಲು ಹೊದಿಸಿದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೇಷ್ಟ್ರು ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಸೆಕ್ರೆಟರಿಯನ್ನು ಕೇಳಿದರು:

"ತಮ್ಮಾ, ನಮಗ ವೋಟ್ ಐತೇನು?"

"ಇಲ್ಲ ಅಂಕಲ್. ಫ್ಯಾಮಿಲಿಗೆ ಒಂದೇ ವೋಟು. ಮೆಂಬರ್‌ಶಿಪ್ ಯಾರ ಹೆಸರಲ್ಲಿದೆಯೋ ಅವರು ಹಾಕ್ತಾರೆ. ನೀವು ಸಲಹೆ ಕೊಡಿ, ಖಂಡಿತ ಕನ್ಸಿಡರ್ ಮಾಡ್ತೀವಿ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕ್ಕಾರ, ಬ್ರಿಟಿಷರು ಹೋದ್ರು ಅಂತ ಯಾರು ಹೇಳಿದ್ರು? ಮಿಶಿಗನ್‌ಗೆ ಬಂದು ಕುಂತಾರ!"

ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ನಾನು ಬಿಡುವವಳಲ್ಲ. ಮೇಷ್ಟ್ರು ಗಾಜಿನ ಮೇಲೆ ಒಂದು ಗೀಟೆಳೆದು ಎರಡು ಭಾಗ ಮಾಡಿದರು. 1919ರಲ್ಲಿ ಬ್ರಿಟಿಷರು ನಮಗೆ ಸುಧಾರಣೆ ಅಂತ ಕೊಟ್ಟದ್ದು ಇದು ಎಂದರು. ಈ ಕಡೆ ಶಾಲೆ, ದವಾಖಾನೆ. ಅವನ್ನು ಶಾಸನಸಭೆಗೆ ಆರಿಸಿ ಬಂದ ನಮ್ಮ ಮಂತ್ರಿಗಳು ನೋಡಿಕೊಳ್ಳಬಹುದು. ಆ ಕಡೆ ಪೊಲೀಸು, ಖಜಾನೆ. ಅವು ಗವರ್ನರ್ ಕೈಯಲ್ಲೇ.

"ಅಂದ್ರೆ ಅಡುಗೆ ಸೊಸೆ ಮಾಡ್ಬೇಕು, ಉಗ್ರಾಣದ ಬೀಗದಕೈ ಅತ್ತೆ ಸೊಂಟದಲ್ಲಿ" ಎಂದೆ.

"ಮೂವತ್ತು ವರ್ಷ ಕಲಿಸೀನಿ. ಒಬ್ಬ ಹುಡುಗನೂ ಇಷ್ಟು ಚಲೋ ಉತ್ತರ ಬರೀಲಿಲ್ಲ ನೋಡ್ರಿ!"

"ಅದಿರಲಿ, ಸಭೆಗೆ ಆರಿಸಿ ಕಳಿಸಿದ್ದು ಯಾರು? ಎಲ್ಲರೂನಾ?"

"ಎಲ್ಲಿ ಎಲ್ಲಾರು? ಸರ್ಕಾರಕ್ಕ ಇಂತಿಷ್ಟು ಕಂದಾಯ ಕಟ್ಟೋರು. ಉಳದವ್ರು ಮನ್ಯಾಗ."

ಅವರ ಅಜ್ಜನಿಗೆ ವೋಟಿತ್ತಂತೆ. ಅಜ್ಜನ ತಮ್ಮನಿಗೆ ಇರಲಿಲ್ಲ. ಒಂದೇ ಮನೆ, ಒಂದೇ ಹೊಲ, ಇಬ್ಬರೂ ಉಳುವವರೇ. ಕಂದಾಯದ ಲೆಕ್ಕದಲ್ಲಿ ಮಾತ್ರ ಅಣ್ಣನ ಹೆಸರು. ವೋಟಿನ ದಿನ ಅಣ್ಣ ರುಮಾಲು ಸುತ್ತಿ ಗಾಡಿಯಲ್ಲಿ ಕೂತ. ತಮ್ಮ ತಾಲೂಕಿನವರೆಗೆ ಗಾಡಿ ಹೊಡೆದ. ಅಣ್ಣ ಒಳಗೆ ಹೋಗಿ ಬರುವ ತನಕ ಹೊರಗೆ ಎತ್ತುಗಳಿಗೆ ಹುಲ್ಲು ಹಾಕುತ್ತ ನಿಂತಿದ್ದ.

"ಅವರಿಗೆ ಸಿಟ್ಟು ಬರಲಿಲ್ವಾ?"

ಮೇಷ್ಟ್ರು ಗಾಜಿನ ಮೇಲಿನ ಗೀಟನ್ನು ಅಂಗೈಯಿಂದ ಒರೆಸಿದರು. "ಯಾರೂ ಕೇಳಿಲ್ಲ, ಅಕ್ಕಾರ. ಅವ್ರ ತೊಡಿ ಮ್ಯಾಲ ಬೆಳದಾಂವ ನಾ. ನಾನೂ ಕೇಳಲಿಲ್ಲ." ಆಮೇಲೆ ತಾವೇ ಮಾತು ಬದಲಿಸಿದರು. "ಆಗಿನ ಕಾಲಕ್ಕ ನನ್ನ ಹೆಸರು ಒಂದು ಪಟ್ಟಿ ಒಳಗ, ನಿಮ್ಮ ಹೆಸರು ಇನ್ನೊಂದು ಪಟ್ಟಿ ಒಳಗ ಇರ್ತಿತ್ತು. ಮುಸಲ್ಮಾನರಿಗೆ ಬ್ಯಾರೆ, ನಿಮಗ ಬ್ಯಾರೆ."

"ನನ್ನ ಹೆಸರು ಯಾವ ಪಟ್ಟೀಲೂ ಇರ್ತಿರ್ಲಿಲ್ಲ ಬಿಡಿ, ಮೇಷ್ಟ್ರೇ. ನಮ್ಮಪ್ಪನಿಗೆ ಗದ್ದೆ ಎಲ್ಲಿತ್ತು?"

ಮತ್ತೆ ನಕ್ಕರು. ಆದರೆ ಸಮಿತಿಗೆ ಕಾಲಿಡುವುದಿಲ್ಲ ಎಂದುಬಿಟ್ಟರು. ಬ್ರಿಟಿಷರ ಕಾಲದಲ್ಲೂ ಆ ಸಭೆಯೇ ಬೇಡವೆಂದು ಹಾಗೆ ಹೊರಗೆ ನಿಂತವರಿದ್ದರಂತೆ. ಮತ್ತೆ ಕೆಲವರು ಒಳಗೆ ಹೋಗಿ, ಪ್ರಶ್ನೆ ಕೇಳಿ ಕೇಳಿ ಸರ್ಕಾರದ ಜೀವ ತಿಂದರಂತೆ. "ಹಾಗಾದ್ರೆ ನಾನು ಅವರ ಕಡೆ. ಹೊರಗೆ ನಿಂತ್ರೆ ನನಗೆ ಕಾಲು ನೋಯುತ್ತೆ" ಎಂದೆ.

ಪ್ರತಿ ತಿಂಗಳ ಮೀಟಿಂಗಿನಲ್ಲೂ ಒಂದೇ ಪ್ರಶ್ನೆ ಕೇಳಿದೆ: ನಮಗೆ ಯಾಕೆ ವೋಟಿಲ್ಲ?

"ಆಂಟಿ, ಇದು ಅಜೆಂಡಾದಲ್ಲಿಲ್ಲ."

"ಅಜೆಂಡಾ ಬರೆಯೋರು ಯಾರು? ಅವರನ್ನ ಎಬ್ಬಿಸಿ ನಿಲ್ಲಿಸಿ, ನಾನು ನೋಡ್ಬೇಕು."

ಮೂರನೇ ತಿಂಗಳು ಮೇಷ್ಟ್ರು ಬಂದು ಕೊನೇ ಸಾಲಿನಲ್ಲಿ ಕೂತರು. ಕೋಟು ತೆಗೆಯಲಿಲ್ಲ. "ನಾ ಸಮಿತಿಗೆ ಬಂದಿಲ್ಲ, ಚಹಾಕ್ಕ ಬಂದೀನಿ" ಎಂದರು. ಕೂತಲ್ಲಿಂದಲೇ ನನಗೆ ಚೀಟಿ ದಾಟಿಸುತ್ತಿದ್ದರು, ಒಂದೊಂದರಲ್ಲಿ ಒಂದೊಂದು ಪ್ರಶ್ನೆ. ನಾನು ಓದಲೆಂದು ಅಕ್ಷರ ದಪ್ಪದಪ್ಪ.

ಕೊನೆಗೆ ನನ್ನ ಕಾಟ ತಡೆಯಲಾರದೆಯೋ ಏನೋ, ಮನೆಯ ದೊಡ್ಡವರೆಲ್ಲರಿಗೂ ಒಂದೊಂದು ವೋಟು ಎಂಬ ತಿದ್ದುಪಡಿಯನ್ನು ವರ್ಷದ ಸಭೆಗೆ ತಂದರು. ತಮಾಷೆ ನೋಡಿ, ಅದಕ್ಕೆ ಕೈ ಎತ್ತಬೇಕಾದವರು ಆಗಲೇ ವೋಟಿದ್ದವರು. ನನ್ನ ಮಗನೂ ಅವರಲ್ಲೊಬ್ಬ. "ಅಮ್ಮಾ, ಇಲ್ಲೆಲ್ಲ ಪಾಲಿಟಿಕ್ಸ್ ಬೇಡ" ಎಂದು ಕಾರಿನಲ್ಲಿ ಹೇಳಿದ್ದ. ನಾನು ಅವನ ಕೈಯನ್ನೇ ನೋಡುತ್ತ ಕೂತೆ. ಫೋನು ಜೇಬಿಗೆ ಹಾಕಿದ. ಕನ್ನಡಕ ಸರಿ ಮಾಡಿಕೊಂಡ. ಹೆಂಡತಿ ಮೊಣಕೈಯಿಂದ ತಿವಿದಳು. ಆಮೇಲೆ ಎತ್ತಿದ.

"ನಿಮ್ಮ ಗವರ್ನರು ಸಹಿ ಹಾಕಿದ್ರು" ಎಂದು ಮೇಷ್ಟ್ರು ಹಿಂದಿನಿಂದ ಪಿಸುಗುಟ್ಟಿದರು. ತಿದ್ದುಪಡಿ ಪಾಸಾಯಿತು.

ತಮ್ಮ ವೋಟು ಹಾಕಲು ಮೇಷ್ಟ್ರು ಉಳಿಯಲಿಲ್ಲ. ಜನವರಿಯಲ್ಲಿ, ಹೊರಗೆ ಇಲ್ಲಿಯ ಲೆಕ್ಕದ ಸೊನ್ನೆ ಡಿಗ್ರಿ, ಊರ ಲೆಕ್ಕದಲ್ಲಿ ಮೈನಸ್ ಹದಿನೆಂಟು ಇದ್ದ ವಾರ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಅಳಲಿಲ್ಲ. ಸಕ್ಕರೆಯ ವಿಷಯ ಅವರ ಮಗಳಿಗೆ ಹೇಳಿದೆ. "ಗೊತ್ತಿತ್ತು ಆಂಟಿ" ಎಂದಳು.

ಮಾರ್ಚಿನಲ್ಲಿ ಶನಿವಾರದ ಹಾಲ್ ಯಾರಿಗೆ ಎಂಬುದು ವೋಟಿಗೆ ಬಂತು. ಮಗ ಕರೆದುಕೊಂಡು ಹೋದ. ಪಾರ್ಕಿಂಗ್ ಲಾಟಿನಲ್ಲಿ ಅವನಿಗೆ ಆಫೀಸಿನ ಕಾಲ್ ಬಂತು. "ನೀನು ಹೋಗಿರಮ್ಮ, ಐದು ನಿಮಿಷದಲ್ಲಿ ಬರ್ತೀನಿ" ಎಂದ. ಬರಲಿಲ್ಲ. ನಾನು ಚೀಟಿಯಲ್ಲಿ ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿ, ಎಣಿಸುವವರೆಗೂ ಅಲ್ಲೇ ಕೂತೆ. ಹಾಲ್ ನಮಗೆ ಉಳಿಯಿತು, ಹನ್ನೊಂದು ಗಂಟೆಯ ತನಕ. ಆಮೇಲೆ ಡ್ಯಾನ್ಸು. ಮೇಷ್ಟ್ರಿದ್ದಿದ್ದರೆ ಗಾಜಿನ ಮೇಲೆ ಗೀಟೆಳೆಯುತ್ತಿದ್ದರು.

ಹೊರಗೆ ಬಂದೆ. ಮಗ ಹೀಟರ್ ಹಾಕಿಕೊಂಡು ಕಾರಿನಲ್ಲೇ ಇದ್ದ.

"ಅಯ್ಯೋ, ಮುಗಿದೇ ಹೋಯ್ತಾ? ನಾನು ವೋಟೇ ಹಾಕಲಿಲ್ಲ."

"ಸಿಟ್ಟು ಬಂತಾ?" ಎಂದು ಕೇಳಿದೆ.

"ಸಿಟ್ಟಾ? ಯಾಕಮ್ಮ?"

"ಯಾರಾದ್ರೂ ಕೇಳ್ಬೇಕಲ್ಲಪ್ಪ, ಅದಕ್ಕೆ ಕೇಳಿದೆ" ಎಂದು ಸೀಟ್‌ಬೆಲ್ಟ್ ಹಾಕಿಕೊಂಡೆ. "ಹೂಂ, ಗಾಡಿ ಹೊಡಿ."