ಬೆರಳಿಗೆ ತಿಳಿಯುವ ಬಿಲ್ಲೆ

ಪೋಕರ್ ಇಸ್ಪೀಟಾಟದಲ್ಲಿ ಪಣವಾಗಿ ಇಡುವ ಬಿಲ್ಲೆಗಳ ಒಂದು ಒಳ್ಳೆಯ ಸೆಟ್ಟನ್ನು ಮೊದಲ ಸಲ ಕೊಳ್ಳಬೇಕು, ಯಾವುದು ತಗೊಳ್ಳಲಿ ಎಂದು ಹೊಳಲ್ಕೆರೆಯಲ್ಲಿರುವ ನನ್ನ ತಂಗಿ ಮೊನ್ನೆ ಫೋನು ಮಾಡಿದ್ದಳು. "ಆಟಕ್ಕೆ ಯಾರ್ಯಾರು ಕುಂತ್ಕಂತೀರಿ?" ಎಂದೆ. "ಬಿಲ್ಲೆ ಕೇಳಿದ್ರೆ ಜನ ಕೇಳ್ತೀಯಲ್ಲೇ" ಎಂದು ರೇಗಿದಳು. ರೇಗಲಿ. ಬಣ್ಣ, ತೂಕ, ಪೆಟ್ಟಿಗೆ ಎಲ್ಲ ಆಮೇಲಿನ ಮಾತು. ಕೂರುವವರು ಯಾರೆಂದು ಯೋಚಿಸದೆ ಬಿಲ್ಲೆ ಕೊಂಡು ನಾನು ಒಮ್ಮೆ ಬೇಸ್ತು ಬಿದ್ದಿದ್ದೇನೆ. ಈ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ನಮ್ಮ ಅತ್ತೆಯಿಂದ ಬಂದದ್ದು.

ಹಿರಿಯೂರಿನ ನಮ್ಮ ಮನೆಗೆ ಪೋಕರ್ ತಂದವರು ನನ್ನ ಗಂಡ. ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಗಾಳಿ ನಿಂತ ದಿನ ಬೇರೆ ಬೇರೆ ಕಡೆಯ ಕೆಲಸಗಾರರೆಲ್ಲ ಶೆಡ್ಡಿನಲ್ಲಿ ಕೂತು ಇದನ್ನೇ ಆಡುತ್ತಿದ್ದರಂತೆ. ಅಲ್ಲಿಯವರೆಗೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮದು ರಮ್ಮಿ. ಪೋಕರ್‌ನಲ್ಲಿ ಒಬ್ಬೊಬ್ಬರಿಗೆ ಐದೆಲೆ. ಬೇಡವಾದ ಎಲೆಗಳನ್ನು ಒಂದು ಸಲ ಬದಲಾಯಿಸಿಕೊಳ್ಳಬಹುದು. ಆಮೇಲೆ ಬಿಲ್ಲೆ ಇಡುತ್ತ ಏರಿಸುತ್ತ ಹೋಗಬೇಕು. ಕೊನೆಗೆ ಉಳಿದವರಲ್ಲಿ ಯಾರ ಎಲೆ ದೊಡ್ಡದೋ ಅವರದು ನಡುವಿನ ರಾಶಿ. ಉಳಿದವರೆಲ್ಲ ಹೆದರಿ ಎಲೆ ಕೆಳಗಿಟ್ಟರೆ ಮಾತ್ರ ಕೈಯಲ್ಲಿ ಏನಿತ್ತೆಂದು ತೋರಿಸದೆಯೇ ರಾಶಿಯನ್ನು ಬಾಚಿಕೊಳ್ಳಬಹುದು. ಈ ಕೊನೆಯ ನಿಯಮ ಕೇಳಿ ಅತ್ತೆಯ ಮುಖ ಅರಳಿತು. "ರಮ್ಮೀಲಿ ಎಲೆ ಆಡ್ತವೆ. ಇದ್ರಾಗೆ ಮನುಷ್ಯರು ಆಡ್ತಾರೆ ಕಣವ್ವ" ಎಂದರು. ಅಂದಿನಿಂದ ರಮ್ಮಿ ಅಟ್ಟ ಸೇರಿತು.

ಮೊದಲು ನಾವು ಬಿಲ್ಲೆಯ ಬದಲಿಗೆ ಇಟ್ಟದ್ದು ಕಡಲೆಕಾಯಿ. ನನ್ನ ತವರು ಧರ್ಮಪುರ, ಅಲ್ಲಿಂದ ಚೀಲಗಟ್ಟಲೆ ಬರುತ್ತಿತ್ತು. ನಾನು ಮಾಡಿದ ತಪ್ಪೆಂದರೆ ಅದನ್ನು ಹುರಿದು ಇಟ್ಟದ್ದು. ಹಸಿ ಕಾಯಿಯಾದರೂ ಆಗಿದ್ದರೆ ಒಂದಿಷ್ಟು ಹೊತ್ತು ಬಾಳುತ್ತಿತ್ತು. ನನ್ನ ಗಂಡ ಯೋಚನೆ ಮಾಡುವಾಗ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವವರು, ಆಟ ಮುಗಿಯುವಷ್ಟರಲ್ಲಿ ಅವರ ಮುಂದೆ ಸಿಪ್ಪೆಯ ಗುಡ್ಡೆ. ಸೋತರೋ ತಿಂದರೋ ಎಂದು ತೀರ್ಮಾನವಾಗುತ್ತಿರಲಿಲ್ಲ. ಆಮೇಲೆ ಹುಣಸೆ ಬೀಜ ಬಂತು. ಎಲ್ಲ ಬೀಜಕ್ಕೂ ಒಂದೇ ಬೆಲೆಯಾದ್ದರಿಂದ ದೊಡ್ಡದಾಗಿ ಏರಿಸಬೇಕೆಂದರೆ ಹಿಡಿಹಿಡಿಯಾಗಿ ಎಣಿಸಬೇಕು, ಅಷ್ಟರಲ್ಲಿ ಏರಿಸುವವರ ಧೈರ್ಯವೇ ಇಳಿದುಹೋಗುತ್ತಿತ್ತು.

ದುಡ್ಡಿಟ್ಟೇ ಆಡಬಹುದಿತ್ತಲ್ಲ ಎನ್ನಬಹುದು. ನಮ್ಮಲ್ಲಿ ಅದು ಆಗದ ಮಾತು. ಆಟದ ನಾಲ್ಕನೆಯವರು ಪಕ್ಕದ ಮನೆಯ ಆಪಾ. ಅವರ ಮನೆತನದವರು ತಲೆತಲಾಂತರದಿಂದ ಈ ಊರಿನಲ್ಲಿ ಬಟ್ಟೆ ಹೊಲಿಯುವವರು, ಬೀದಿಯ ಅರ್ಧ ಹೆಂಗಸರ ರವಿಕೆ ಅವರ ಕೈಯದು. ಮೊದಲ ದಿನವೇ ಅವರು ಷರತ್ತು ಹಾಕಿದ್ದರು. "ದುಡ್ಡಿನ ಸುದ್ದಿ ಬಂತೋ, ನಾನು ಎದ್ದೋಯ್ತೀನಿ. ನಮಗೆ ಅದು ಹರಾಮು." ಅತ್ತೆ ಅದಕ್ಕೆ, "ನಮಗೇನು ಪುಣ್ಯದ ಕೆಲಸವಾ? ಕುಂತ್ಕ ಬಾರವ್ವ" ಎಂದಿದ್ದರು. ಹಾಗಾಗಿ ನಾವು ಆಟಕ್ಕೆ ಹಾಸಿಕೊಳ್ಳುವ ಕಂಬಳಿಯ ಮೇಲೆ ಒಂದು ನಾಣ್ಯವೂ ಬಿದ್ದಿಲ್ಲ. ಗೆದ್ದವರಿಗೆ ಸಿಗುತ್ತಿದ್ದದ್ದು ಮುಂದಿನ ಭಾನುವಾರದವರೆಗೆ ಬೀಗುವ ಹಕ್ಕು ಮಾತ್ರ, ಅದನ್ನು ಅತ್ತೆ ಪೂರ್ತಿಯಾಗಿ ಬಳಸಿಕೊಳ್ಳುತ್ತಿದ್ದರು.

ಆಗಲೇ ಅತ್ತೆಯ ಕಣ್ಣು ಮಂಜಾಗುತ್ತ ಬಂದಿತ್ತು. ಕಣ್ಣಿನ ನರವೇ ಬಾಡುತ್ತಿದೆ, ಹೋದಷ್ಟು ಮರಳಿ ಬರುವುದಿಲ್ಲ, ಇದ್ದಷ್ಟನ್ನು ಔಷಧಿಯಿಂದ ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ನಾವು ದಪ್ಪ ಅಕ್ಷರದ ಇಸ್ಪೀಟು ತಂದೆವು. ಅತ್ತೆ ಕಿಟಕಿಯ ಪಕ್ಕ ಕೂತು, ಎಲೆಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿಕೊಳ್ಳುತ್ತಿದ್ದರು. ಎಲೆಯನ್ನೇನೋ ಹತ್ತಿರ ತರಬಹುದು, ನಡುವಿನ ರಾಶಿಯನ್ನು ಮೂಗಿಗೆ ಹಿಡಿಯಲಾಗುತ್ತದೆಯೇ? "ಈಗ ಎಷ್ಟೈತೆ?" ಎಂದು ಅವರು ಕೇಳುವುದು, ನಾವು ಹೇಳುವುದು ಶುರುವಾಯಿತು. ಒಂದು ಭಾನುವಾರ ಅವರು ಎಲೆ ಕೆಳಗಿಟ್ಟು, "ಇನ್ನೊಬ್ಬರ ಕಣ್ಣಾಗೆ ಆಡೋದು ಆಟ ಅಲ್ಲ. ನೀವು ಮೂರು ಜನ ಆಡ್ಕಳ್ರಿ" ಎಂದು ಎದ್ದು ಒಳಗೆ ಹೋದರು. ಅದರ ಮುಂದಿನ ವಾರ ಕರೆದರೂ ಬರಲಿಲ್ಲ. ಟೀವಿ ಮುಂದೆ ಕೂತರು, ಅದನ್ನೂ ನೋಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರ ತಪ್ಪು ಹುಡುಕುತ್ತಿದ್ದ ಅತ್ತೆ ಸಾರಿಗೆ ಉಪ್ಪು ಕಡಿಮೆಯಾದರೂ ಸುಮ್ಮನೆ ಉಂಡರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆವತ್ತು.

ನನಗೆ ತಾಳ್ಮೆ ಕಡಿಮೆ. ಅಂದೇ ಮೊಬೈಲಿನಲ್ಲಿ ಹುಡುಕಿ ಒಂದು ಸೆಟ್ಟು ತರಿಸಿದೆ. ಅಲ್ಯೂಮಿನಿಯಂ ಸೂಟ್‌ಕೇಸು, ಒಳಗೆ ಸಾಲು ಸಾಲಾಗಿ ಬಿಲ್ಲೆ, ನಾಲ್ಕು ಜನರಿಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ. ಮುಚ್ಚಳ ತೆಗೆದಾಗ ನನ್ನ ಗಂಡ ಮದುವೆಯ ಒಡವೆ ನೋಡಿದಂತೆ ನೋಡಿದರು. ಆಪಾ ಒಂದು ಬಿಲ್ಲೆ ಎತ್ತಿಕೊಂಡು ತಿರುಗಿಸಿ, ಮೆಲ್ಲಗೆ ಅಲ್ಲೇ ಇಟ್ಟರು. ಅದರ ಮೇಲೆ ನೂರು ಎಂದು ಅಂಕಿ, ಪಕ್ಕದಲ್ಲಿ ಡಾಲರಿನ ಗುರುತು. "ಇದು ರೊಕ್ಕದ ವೇಷ ಹಾಕ್ಕಂಡು ಬಂದೈತೆ. ನಂಗೆ ಬ್ಯಾಡ" ಎಂದರು. ಅತ್ತೆ ನಾಲ್ಕು ಬಣ್ಣದ ನಾಲ್ಕು ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿದರು. ಒಳಗೆ ಲೋಹದ ತುಂಡಿಟ್ಟು ಮೇಲೆ ಪ್ಲಾಸ್ಟಿಕ್ ಹೊದಿಸಿದ್ದ ಬಿಲ್ಲೆಗಳು ಭಾರವೇನೋ ಇದ್ದವು. ಆದರೆ ಅಂಚೆಲ್ಲ ಒಂದೇ ನುಣುಪು, ಹತ್ತು ಪೇರಿಸಿದರೆ ಜಾರಿ ಬೀಳುತ್ತಿದ್ದವು. "ತೂಕಕ್ಕೆ ಮರುಳಾಗಿ ತಂದೀಯ" ಎಂದರು ಅತ್ತೆ. "ತಟ್ಟಿ ನೋಡು, ಡಬ್ಬದ ಸದ್ದು. ಎಲ್ಲಾ ಒಂದೇ ಥರ ಐತೆ ಕೈಗೆ."

ಮುಖಕ್ಕೆ ಹೊಡೆದಂತಾಯಿತು. ಅಷ್ಟು ದೊಡ್ಡ ಪೆಟ್ಟಿಗೆ ತಂದು, ಆಟದಲ್ಲಿದ್ದವರಲ್ಲಿ ಒಬ್ಬರ ಮನಸ್ಸಿಗೂ ಇನ್ನೊಬ್ಬರ ಕೈಗೂ ಸಲ್ಲದಂತೆ ಮಾಡಿದ್ದೆ. ವಾಪಸು ಕಳಿಸುವಾಗ ಮೂರು ದಿನ ಮುಖ ಊದಿಸಿಕೊಂಡಿದ್ದೆ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಆದರೆ ಅತ್ತೆ ಸೆಟ್ಟನ್ನು ಬೈದರಲ್ಲ, ಅದರಿಂದ ಒಂದು ಲಾಭವಾಯಿತು. ಟೀವಿ ಮುಂದಿಂದ ಎದ್ದು ಬಂದು, ಹಾಗಾದರೆ ಬಿಲ್ಲೆ ಹೇಗಿರಬೇಕು ಎಂದು ತಾವೇ ಹೇಳತೊಡಗಿದರು.

ಎರಡನೆಯ ಸಲ ನಾನು ಸೆಟ್ಟು ತರಿಸಲಿಲ್ಲ, ಮಾದರಿಗೆ ಬೇರೆ ಬೇರೆ ಅಂಗಡಿಯಿಂದ ಒಂದೆರಡು ಬಿಲ್ಲೆಗಳನ್ನಷ್ಟೇ ತರಿಸಿದೆ. ಮೊದಲ ಸೆಟ್ಟು ಕೊಳ್ಳುವ ಯಾರಿಗಾದರೂ ನಾನು ಕೈಮುಗಿದು ಹೇಳುವ ಮಾತು ಇದೊಂದೇ. ಫೋಟೋ ನೋಡಿ ಕೊಳ್ಳಬೇಡಿ, ನಾಲ್ಕು ಬಿಲ್ಲೆ ಮೊದಲು ಕೈಗೆ ಬರಲಿ. ಅತ್ತೆ ಅವನ್ನು ಪರೀಕ್ಷೆ ಮಾಡಿದ ರೀತಿಯನ್ನು ನೋಡಬೇಕಿತ್ತು. ಹೊಸದುರ್ಗದ ತೆಂಗಿನ ತೋಟದಲ್ಲಿ ಬೆಳೆದವರು, ಕಾಯಿಯನ್ನು ತಟ್ಟಿ ಒಳಗಿನ ನೀರು ಹೇಳುವವರು. ಒಂದೊಂದು ಬಿಲ್ಲೆಯನ್ನೂ ಕಿವಿಯ ಹತ್ತಿರ ಹಿಡಿದು ಇನ್ನೊಂದಕ್ಕೆ ತಾಗಿಸಿದರು. ಮಡಿಸಿದ ಕಂಬಳಿಯ ಮೇಲೆ ಬೀಳಿಸಿದರು. ಹೆಬ್ಬೆರಳಿನಿಂದ ಉಜ್ಜಿ, ಎರಡನ್ನು ಒಂದರ ಮೇಲೊಂದಿಟ್ಟು ಓರೆ ಮಾಡಿದರು. ಕೊನೆಗೆ ಜೇಡಿಮಣ್ಣು ಬೆರೆಸಿ ಒತ್ತಿದ, ಅಂಕಿಯಿಲ್ಲದ, ಸ್ವಲ್ಪ ಒರಟಾದ ಒಂದು ಬಿಲ್ಲೆಯನ್ನು ಹಿಡಿದು, "ಇದು ಮಾತಾಡ್ತೈತೆ" ಎಂದರು. ನೋಡಲು ಏನೂ ಚೆನ್ನಾಗಿರಲಿಲ್ಲ, ಅಂಗಡಿಯವರ ಪಟ್ಟಿಯಲ್ಲಿ ಕೆಳಗೆಲ್ಲೋ ಇತ್ತು. ಆಪಾ ಎರಡೂ ಮಗ್ಗುಲು ತಿರುಗಿಸಿ ನೋಡಿ, "ಇದ್ರಾಗೆ ಬರೆದಿದ್ದೇ ಇಲ್ಲ. ಒಳ್ಳೇದು" ಎಂದರು.

ಬಿಳಿ, ಕೆಂಪು, ಕಪ್ಪು, ಈ ಮೂರೇ ಬಣ್ಣ ಸಾಕು, ಬಿಳಿಗಿಂತ ಕೆಂಪಿಗೆ, ಕೆಂಪಿಗಿಂತ ಕಪ್ಪಿಗೆ ಬೆಲೆ ಜಾಸ್ತಿ ಎಂದು ತೀರ್ಮಾನವಾಯಿತು. ಕೈಗೆ ವ್ಯತ್ಯಾಸ ಗೊತ್ತಾಗಲಿ ಎಂದು ಬಿಳಿಯ ಅಂಚನ್ನು ಹಾಗೇ ಬಿಟ್ಟು, ಕೆಂಪಿಗೆ ಒಂದು ಗೀರು, ಕಪ್ಪಿಗೆ ಎರಡು ಗೀರು ಹಾಕುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಅರ ತಂದು, ಯಂತ್ರದ ಬಿಡಿಭಾಗ ಮಾಡುವಂತೆ ಅಳೆದು, ಕೂದಲೆಳೆಯ ಗೀರು ಹಾಕಿದರು. ಬಹಳ ಅಂದವಾಗಿತ್ತು. ಅತ್ತೆ ಮುಟ್ಟಿ ನೋಡಿ ವಾಪಸು ಕೊಟ್ಟರು. "ಇದು ನಿನ್ನ ಕಣ್ಣಿಗೆ ಮಾಡ್ಕಂಡಿದ್ದು ಕಣಪ್ಪ. ನನ್ನ ಬೆರಳಿಗೆ ಮಾಡು" ಎಂದರು. ಎರಡನೆಯ ಸಲ ನನ್ನ ಗಂಡ ಕಣ್ಣು ಮುಚ್ಚಿಕೊಂಡು ತಾವೇ ಮುಟ್ಟಿ ನೋಡುತ್ತ ಗೀರಿದರು. ಅಂಗಳದಲ್ಲಿ ಕಣ್ಣು ಮುಚ್ಚಿ ಅರ ಉಜ್ಜುತ್ತಿದ್ದ ಆ ಮನುಷ್ಯನ ಮೇಲೆ ನನಗೆ ಆವತ್ತು ಹುಟ್ಟಿದಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ಅತ್ತೆ ಕಂಬಳಿಗೆ ಮರಳಿದರು. ಒಂದು ಹೊಸ ಕಟ್ಟಳೆಯನ್ನೂ ತಂದರು. ಬಿಲ್ಲೆಯನ್ನು ಯಾರೂ ಎಸೆಯಬಾರದು, ನಡುವೆ ಒಂದರ ಮೇಲೊಂದಾಗಿ ಸದ್ದು ಬರುವಂತೆ ಇಡಬೇಕು. ಯಾರೂ ಎಷ್ಟೆಂದು ಹೇಳಬಾರದು. ಬೇಕಾದಾಗ ಅವರೇ ಕೈ ಚಾಚಿ ಅಂಚು ಸವರಿ ತಿಳಿದುಕೊಳ್ಳುತ್ತಿದ್ದರು. ಸಾರಿನ ಉಪ್ಪಿನ ಬಗ್ಗೆ ದೂರುಗಳೂ ಮರಳಿ ಬಂದವು, ನಾನು ಖುಷಿಯಿಂದ ಬೈಸಿಕೊಂಡೆ. ಹೀಗೆ ಒಂದಷ್ಟು ತಿಂಗಳು ಆಡಿದೆವು.

ಈಚೆಗೆ ಒಂದು ಭಾನುವಾರ ನನಗೆ ಮೂರು ರಾಣಿಗಳು ಬಂದವು. ನಮ್ಮ ಮನೆಯ ಆಟದಲ್ಲಿ ಅಷ್ಟಿದ್ದರೆ ಗೆದ್ದ ಹಾಗೇ ಲೆಕ್ಕ. ನನ್ನ ಗಂಡ ಮೊದಲೇ ಎಲೆ ಬಿಟ್ಟರು, ಆಪಾ ಒಂದು ಸುತ್ತು ನೋಡಿ ಬಿಟ್ಟರು. ನಾನು ಎರಡೆಲೆ ಬದಲಾಯಿಸಿಕೊಂಡೆ. ಅತ್ತೆ ಎಂದಿನಂತೆ ಕಿಟಕಿಯ ಕಡೆ ತಿರುಗಿ, ಎಲೆಗಳನ್ನು ಮುಖದ ಹತ್ತಿರ ಹಿಡಿದು, ಒಂದೊಂದಾಗಿ ಸರಿಸಿ ಮುಚ್ಚಿದರು. "ನಂಗೆ ಒಂದೂ ಬ್ಯಾಡ. ಇರೋದೇ ಸಾಕು" ಎಂದರು. ಐದಕ್ಕೆ ಐದೂ ಕೂಡಿಬಂದವರು ಮಾತ್ರ ಆಡುವ ಮಾತದು. ನಾನು ಕೆಂಪು ಬಿಲ್ಲೆಗಳನ್ನು ಇಟ್ಟೆ. ಅತ್ತೆ ಕಪ್ಪನ್ನು ಇಟ್ಟರು. ನಾನೂ ಕಪ್ಪನ್ನು ಎತ್ತಿದೆ, ತಿರುಗಿ ಇಟ್ಟೆ, ಮತ್ತೆ ಎತ್ತಿದೆ, ಕೊನೆಗೂ ನಡುವೆ ಇಟ್ಟೆ. ಆಗ ಅವರು ತಮ್ಮ ಮುಂದಿದ್ದ ಅಷ್ಟೂ ಬಿಲ್ಲೆಗಳನ್ನು, ಒಂದೂ ಜಾರದಂತೆ, ಎರಡು ಕೈಯಲ್ಲಿ ನಡುವಿಗೆ ತಳ್ಳಿದರು. ಮುಖದಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ರಾಣಿಯರ ಮುಖ ನೋಡಿ, ಎಲೆ ಕೆಳಗಿಟ್ಟೆ.

"ಏನಿತ್ತವ್ವ ನಿನ್ನ ತಾವ?" ಎಂದರು ಅತ್ತೆ.

"ಮೂರು ರಾಣಿ ಅತ್ತೆ. ನಿಮಗೇನು ಬಂದಿತ್ತು?"

ಅವರು ತಮ್ಮ ಐದೆಲೆಗಳನ್ನು ನನ್ನ ಮುಂದೆ ಹರಡಿದರು. "ನೀನೇ ನೋಡಿ ಹೇಳು. ನಂಗೂ ಗೊತ್ತಿಲ್ಲ."

ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆ. ಎಲ್ಲಕ್ಕಿಂತ ದೊಡ್ಡದೆಂದರೆ ಒಂಬತ್ತು. ಒಂದು ಎಲೆಯ ಬೆನ್ನು ಮೇಲಾಗಿ ಬಿದ್ದಿತ್ತು, ಅದನ್ನು ನಾನೇ ತಿರುಗಿಸಬೇಕಾಯಿತು, ಮಗುಚಿ ಬಿದ್ದದ್ದು ಅವರಿಗೆ ತಿಳಿದಿರಲಿಲ್ಲ. ನನ್ನ ಗಂಡ ಆ ಎಲೆಯನ್ನೇ ನೋಡುತ್ತ ಕೂತರು.

"ಯಾವಾಗಿಂದ ಅವ್ವ?" ಎಂದು ಕೇಳಿದರು.

"ಹೋದ ವಾರದಿಂದ ಎಲೆ ಕಾಣಾದು ಪೂರ್ತಿ ನಿಂತೈತೆ. ಆಸ್ಪತ್ರೆಗೆ ನಾಳೆ ಹೋಗಾಣ, ಗಾಬರಿ ಮಾಡಬ್ಯಾಡ್ರಿ. ಆದ್ರೂ ಇವಳು ಬಿಲ್ಲೆ ಎತ್ತಿ ಇಟ್ಟು ಎತ್ತಿ ಇಟ್ಟು ಮಾಡಿದ್ದು ಚೆನ್ನಾಗಿ ಕೇಳ್ತು. ಎದೆ ಗಟ್ಟಿ ಇದ್ದೋರು ಹಂಗೆ ಮಾಡಲ್ಲ."

ನನಗೆ ಅಳು ಬಂತು, ಅದರ ಜೊತೆಗೇ ಮೂರು ರಾಣಿ ಇಟ್ಟುಕೊಂಡು ಎಲೆಯನ್ನೇ ನೋಡದವರ ಕೈಯಲ್ಲಿ ಸೋತೆನಲ್ಲ ಎಂದು ಹೊಟ್ಟೆಯೂ ಉರಿಯಿತು. ಆಪಾ ತಮ್ಮ ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು, "ಅಮ್ಮಾ, ಎಲೆಗೆ ಸೂಜೀಲಿ ಚುಚ್ಚಿ ಗುರುತು ಮಾಡ್ತೀನಿ. ಬೆರಳಿಗೆ ಗೊತ್ತಾಗ್ತೈತೆ" ಎಂದರು.

"ಮಾಡವ್ವ. ಆದ್ರೆ ಈಗಲೇ ಬ್ಯಾಡ" ಎಂದರು ಅತ್ತೆ. ಅಷ್ಟರಲ್ಲಿ ರಾಶಿಯನ್ನು ಬಾಚಿಕೊಂಡು, ಹೆಬ್ಬೆರಳು ಸವರುತ್ತ, ಬಿಳಿಯನ್ನು ಬಿಳಿಗೆ, ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸೇರಿಸಿ ಪೇರಿಸುತ್ತಿದ್ದರು. ಒಂದೂ ತಪ್ಪಲಿಲ್ಲ. ಪೇರಿಸಿ ಮುಗಿಸಿ ನನ್ನ ಕಡೆ ತಿರುಗಿ, "ಹಂಚು. ಇನ್ನೊಂದಾಟ ಹಿಂಗೇ ಆಡಾಣ" ಎಂದರು.